ಯಂತ್ರ ಹೇಳಬೇಕಂತೆ

ಸುಭಾಷಿಣಿಗೆ ಮೈಯೆಲ್ಲ ಉರಿಯಿತು. ಲ್ಯಾಬಿನಲ್ಲಿ ಅವಳೇ ಕ್ರಿಮಿ ಬೆಳೆಸಿದ ತಟ್ಟೆ ಕೈಯಲ್ಲೇ ಉಂಟು, ಎರಡು ಮದ್ದಿನ ಬಿಲ್ಲೆಗಳ ಸುತ್ತ ಕ್ರಿಮಿ ಸತ್ತು ತಿಳಿಯಾದ ವೃತ್ತ ಎದ್ದು ಕಾಣುತ್ತಾ ಉಂಟು. ಹೊಸ ಯಂತ್ರ ಮಾತ್ರ ಅದೇ ತಟ್ಟೆಯ ಫೋಟೋ ತೆಗೆದು, ಈ ಕ್ರಿಮಿಗೆ ಯಾವ ಮದ್ದೂ ನಾಟುವುದಿಲ್ಲ ಎಂದು ಬರೆದು, ಬನ್ನಂಜೆಯ ಲ್ಯಾಬಿನಿಂದ ಕಾಪುವಿನ ಆಸ್ಪತ್ರೆಗೆ ವರದಿ ಕಳಿಸಿಯೂ ಆಗಿತ್ತು. ಇವಳನ್ನು ಒಂದು ಮಾತು ಕೇಳುವ ಮರ್ಯಾದೆಯೂ ಅದಕ್ಕಿಲ್ಲ.

ಆ ಕ್ರಿಮಿ ಬಂದದ್ದು ಮುದ್ದಣ್ಣನ ಪಾದದ ಕೀವಿನಿಂದ. ದೋಣಿಯಲ್ಲಿ ಬಲೆ ಬಿಡಿಸುವಾಗ ತೇಡೆ ಮೀನಿನ ಮುಳ್ಳು ಚುಚ್ಚಿ ಕಾಲು ಬಾತುಹೋಗಿತ್ತು. ಯಾವ ಮದ್ದೂ ಇಲ್ಲವೆಂದಾದರೆ ಸಂಜೆಯೇ ಪಾದ ತೆಗೆಯುವುದೆಂದು ಕಾಪುವಿನ ಡಾಕ್ಟರ್ ಸ್ಯಾಮ್ಸನ್ ಹೇಳಿಬಿಟ್ಟಿದ್ದರು. ಮುದ್ದಣ್ಣನ ಹೆಂಡತಿ ಸ್ವರ್ಣಲತಾ ಲ್ಯಾಬಿನ ಬೆಂಚಿನಲ್ಲಿ ಕುಳಿತು, ಬಾಗಿಲು ಕಿರ್ರೆಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಸುಭಾಷಿಣಿ ಡಾಕ್ಟರಿಗೆ ಫೋನ್ ಮಾಡಿ, ಎರಡು ಮದ್ದು ನಾಟುತ್ತದೆ ಎಂದಳು.

"ಯಂತ್ರ ಒಂದು ಹೇಳ್ತದೆ, ನೀವೊಂದು ಹೇಳ್ತೀರಿ," ಎಂದರು ಅವರು. "ಯಾವುದನ್ನು ನಂಬುವುದು? ಅದನ್ನು ಯಂತ್ರವೇ ಹೇಳಲಿ, ಆ ವರದಿ ಕಳಿಸಿ ಮೇಡಂ."

ಅಂಗೈ ಹುಣ್ಣಿಗೆ ಇವರಿಗೆ ಕನ್ನಡಿ ಬೇಕಂತೆ. ಲ್ಯಾಬಿನ ಯಜಮಾನ ರಾಮದಾಸಣ್ಣನ ಹತ್ತಿರ ಹೋದರೆ ಅಲ್ಲೂ ಅದೇ ರಾಗ.

"ನಿನ್ನೆ ಪೂಜೆ ಮಾಡಿದ ಯಂತ್ರ. ಸುಳ್ಳು ಹೇಳ್ತದಾ?"

"ಎಂತ ಪೂಜೆ?"

"ಆಯುಧ ಪೂಜೆ ಮಾರಾಯ್ತಿ. ನೀನು ಮನೆಗೆ ಹೋದ ಮೇಲೆ ನಾನೇ ಮುಚ್ಚಳ ತೆಗೆದು ಗಂಧ ಹಚ್ಚಿದೆ. ಒಳಗಿನ ಆ ಕಣ್ಣೇ ಮುಖ್ಯ ಅಂತ ಕಂಪೆನಿಯವ ಹೇಳಿದ್ದ ಅಲ್ವಾ? ಮುಖ್ಯವಾದ್ದನ್ನು ಬಿಟ್ಟು ತಗಡಿಗೆ ಹಚ್ಚುವುದಾ?"

ಸುಭಾಷಿಣಿ ಓಡಿಹೋಗಿ ಮುಚ್ಚಳ ತೆಗೆದಳು. ಕ್ಯಾಮೆರಾದ ಗಾಜಿನ ಮೇಲೆ ಗಂಧ ಒಣಗಿ ಕೂತಿತ್ತು, ಮೇಲಿಂದ ಕುಂಕುಮ ಬೇರೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದ ಬೈಗುಳ ನುಂಗಿಕೊಂಡು, ಸ್ಪಿರಿಟ್ ಹಾಕಿ ಒರೆಸಿ, ಅದೇ ತಟ್ಟೆಯನ್ನು ಮತ್ತೆ ಇಟ್ಟಳು. ಎರಡು ಮದ್ದು ನಾಟುತ್ತದೆ ಎಂದಿತು ಯಂತ್ರ, ತಾನೇ ಕಂಡುಹಿಡಿದ ಹಾಗೆ. ಆ ವರದಿ ಸಿಕ್ಕಿದ್ದೇ ಡಾಕ್ಟರು ಇಂಜೆಕ್ಷನ್ ಶುರು ಮಾಡಿದರು.

ಮುದ್ದಣ್ಣ ಎರಡೂ ಕಾಲೂರಿ ಮನೆಗೆ ನಡೆದ ಮೇಲೆ, ಸ್ವರ್ಣಲತಾ ಮಟ್ಟುಗುಳ್ಳ ಬದನೆಯ ಚೀಲ, ಬಾಳೆಲೆಯಲ್ಲಿ ದೇವಸ್ಥಾನದ ಗಂಧಪ್ರಸಾದ ಹಿಡಿದು ಬಂದಳು.

"ಅಕ್ಕ, ಅವರ ಕಾಲು ಉಳಿಸಿದ ಯಂತ್ರ ಎಲ್ಲುಂಟು? ಒಂದು ಚೂರು ಗಂಧ ಹಚ್ಚುತ್ತೇನೆ."

ರಾಮದಾಸಣ್ಣ ಆಗಲೇ ಮುಚ್ಚಳಕ್ಕೆ ಕೈ ಹಾಕಿದ್ದರು. ಸುಭಾಷಿಣಿ ನಡುವೆ ನುಗ್ಗಿ, ತನ್ನ ಹಣೆಯನ್ನೇ ಮುಂದೊಡ್ಡಿದಳು.

"ಇಲ್ಲಿಗೆ ಹಚ್ಚಿ," ಎಂದಳು. "ಇಲ್ಲಿ ಹಚ್ಚಿದರೆ ಕಣ್ಣು ಮುಚ್ಚುವುದಿಲ್ಲ."