ಕೀಲಿ ಹಾಕಿದ ವೈಫೈ

ಸಂಗಪ್ಪನ ಬಸ್ಸಿನ ಹಣೆಯ ಮೇಲೆ ‘ಉಚಿತ ವೈಫೈ’ ಎಂದು ಮೊಳದುದ್ದದ ಅಕ್ಷರ, ನೆತ್ತಿಯ ಮೇಲೆ ಆಂಟೆನಾ. ಊರಿಗೆ ಕರೆಂಟು ತಂದವನೇ ತಾನು ಎಂಬಂತೆ ಮೆರೆಯುತ್ತಿದ್ದ ಆಸಾಮಿ. ಈ ಮೆರೆದಾಟ ಕಂಡರೆ ಅವನ ತಂಗಿಯ ಮಗಳು ಅಂಕಿತಾಳಿಗೆ ಮೈಯುರಿ. ಆದರೂ ಇಂದು ಅದೇ ಬಸ್ಸು ಹತ್ತಿದ್ದಳು. ಹುಬ್ಬಳ್ಳಿಯ ಕಂಪನಿಯೊಂದರ ಕೆಲಸಕ್ಕೆ ಹನ್ನೊಂದಕ್ಕೆ ಆನ್‌ಲೈನ್ ಸಂದರ್ಶನ. ಅಷ್ಟರೊಳಗೆ ಗದುಗಿನ ಗೆಳತಿಯ ಮನೆ ಸೇರಬೇಕಿತ್ತು. ಮುಂಡರಗಿಯಲ್ಲಿ ಸೀಟು ತುಂಬುವ ತನಕ ಬಸ್ಸು ಬಿಡದೆ ಮಾಮನೇ ಅದನ್ನು ಕೆಡಿಸಿದ.

“ಯಾಕ ಒದ್ದಾಡ್ತಿ? ಗಾಡ್ಯಾಗ ಕುಂತ ಮಾತಾಡು. ನಮ್ಮ ವೈಫೈ ಅಂದ್ರ ಕುದರಿ ಓಡಿದ್ಹಂಗ,” ಎಂದಿದ್ದ.

ಡಂಬಳ ದಾಟಿದ ಮೇಲೆ ಯಾರ ಮೊಬೈಲಿಗೂ ನೆಟ್‌ವರ್ಕ್ ಇಲ್ಲ. ಮಾಮನ ವೈಫೈ ಹೆಸರೊಂದು ಕಾಣುತ್ತದೆ, ಹಿಡಿಯುವುದಿಲ್ಲ.

“ವೈಫೈ ಡಬ್ಬಿ ಎಲ್ಲೈತಿ ಕೊಟ್ರೇಶಣ್ಣ?” ಎಂದು ಕಂಡಕ್ಟರನನ್ನು ಕೇಳಿದಳು. ಅವನು ಡ್ರೈವರನ ಬೆನ್ನ ಹಿಂದಿನ ಕಬ್ಬಿಣದ ಪೆಟ್ಟಿಗೆ ತೋರಿಸಿದ. ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಮುಷ್ಟಿಗಾತ್ರದ ಕೀಲಿ.

“ಮ್ಯಾಲಿನ ಆಂಟೆನಾ ನೆಟ್‌ವರ್ಕ್ ಹಿಡದ್ರೂ, ಡಬ್ಬಿ ಕಬ್ಬಿಣದಾಗ ಇಟ್ರ ಸಿಗ್ನಲ್ ಹೊರಗ ಹೆಂಗ ಬರ್ತೈತಿ ಮಾಮಾ? ತೆಗೀರಿ, ಜಲ್ದಿ!”

ಮುಂದಿನ ಸೀಟಿನಲ್ಲಿದ್ದ ಸಂಗಪ್ಪ ಅವಳನ್ನು ಕನಿಕರದಿಂದ ನೋಡಿದ. “ನಮ್ಮ ಟೇಪ್‌ರೆಕಾರ್ಡರ್ ಕದ್ದ ಮಂದಿ ಇದನ್ನ ಬಿಟ್ಟಾರೇನು? ಅಮಾಸಿ ಪೂಜಿಗಷ್ಟ ತೆಗಿಯೋದು. ನಡುವ ತೆಗದ್ರ ದೃಷ್ಟಿ ತಾಗತೈತಿ.”

ಥೂ, ಇದೆಂಥ ತಲೆಯಪ್ಪಾ! ಅಂಕಿತಾ ಬೇಡಿದಳು, ರೇಗಿದಳು, ಕೊನೆಗೆ ಅತ್ತೇಬಿಟ್ಟಳು. ಎಷ್ಟೋ ಅರ್ಜಿ ಹಾಕಿದ ಮೇಲೆ ಕರೆದಿದ್ದು ಈ ಕಂಪನಿಯವರೊಬ್ಬರೇ. ಹಿಂದಿನ ಸೀಟಿನ ಹೆಂಗಸರೂ ದನಿಗೂಡಿಸಿದಾಗ ಸಂಗಪ್ಪ ಡ್ರೈವರನಿಗೆ ಹೇಳಿ ಬಸ್ಸು ನಿಲ್ಲಿಸಿದ. ಉಡಿದಾರಕ್ಕೆ ಕಟ್ಟಿದ್ದ ಕೀಲಿಕೈ ಬಿಚ್ಚಿಕೊಂಡ. ಹಾಗೇ ತೆಗೆದಾನೆಯೇ ಮಹಾಶಯ! ಊದುಬತ್ತಿ ಹಚ್ಚಿ, ಬೆಳಗಿ, ಕಣ್ಣು ಮುಚ್ಚಿ ಏನೇನೋ ಗೊಣಗಿ, ಆಮೇಲೆ ಸಾವಕಾಶವಾಗಿ ತೆಗೆದ.

ವೈಫೈ ಬಂತು. ಅದರ ಬೆನ್ನಿಗೇ ಕಂಪನಿಯ ಸಂದೇಶವೂ ಬಂತು: ನೀವು ಸಮಯಕ್ಕೆ ಹಾಜರಾಗಲಿಲ್ಲ, ಸಂದರ್ಶನ ರದ್ದಾಗಿದೆ.

ಅವಳು ಅದನ್ನು ಎರಡನೇ ಸಲ ಓದುವಷ್ಟರಲ್ಲಿ ಸಂಗಪ್ಪ ತನ್ನ ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು ಅವಳ ಮುಖದ ಮುಂದೆ ನಿಂತಿದ್ದ.

“ಹೇಳವ್ವಾ, ನಮ್ಮ ವೈಫೈ ಹೆಂಗೈತಿ?”

“ವೈಫೈ ಚಲೋ ಐತಿ ಮಾಮಾ. ನಿಮ್ಮಂಥಾ ದಡ್ಡರ ಕೈಯಾಗ ಸಿಕ್ಕೈತಿ, ಅಷ್ಟ.”

‘ಚಲೋ ಐತಿ’ ಎನ್ನುತ್ತಲೇ ವಿಡಿಯೋ ನಿಲ್ಲಿಸಿದ್ದ ಪುಣ್ಯಾತ್ಮ. ಆ ತುಂಡು ವಿಡಿಯೋ ಅದೇ ವೈಫೈ ಹಿಡಿದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಂಡರಗಿಗೆಲ್ಲ ಮುಟ್ಟಿತು.