ಅಂಚು ಹಿಡಿದು ನಡೆಯುವ ಕುದುರೆ

ಚಿಕ್ಕಹನುಮಯ್ಯನ ಹೊಸ ಕುದುರೆಯನ್ನು ಕಂಡು ಕೆಂಗೇರಿ ಸ್ಟೇಷನ್ನಿನ ಜಟಕಾದವರೆಲ್ಲ ನಕ್ಕರು. ಗಿಡ್ಡ ಕಾಲು, ದಪ್ಪ ಕುತ್ತಿಗೆ, ಅದರ ತುಂಬ ಜೂಲು. ಹಿಮದ ಬೆಟ್ಟಗಳಲ್ಲಿ ಮಿಲಿಟರಿಯವರ ಮೂಟೆ ಹೊತ್ತು, ಕೊನೆಗೆ ಹರಾಜಾಗಿ ಇಲ್ಲಿಗೆ ಬಂದದ್ದು. ಅರೆಹೊಟ್ಟೆ ತಿಂದು ಎರಡು ಕುದುರೆಯ ಕೆಲಸ ಮಾಡುವ ಪ್ರಾಣಿಯನ್ನು ನೋಡಿ ನಗುವವರಿಗೆ ಏನು ಹೇಳುವುದು? ಅವನ ಹೆಂಡತಿ ಪಟಾಲಮ್ಮ ಅದಕ್ಕೆ ಗೌರಿ ಎಂದು ಹೆಸರಿಟ್ಟಳು.

ಚಾಳಿ ಒಂದೇ. ಗೌರಿ ರಸ್ತೆಯ ಅಂಚು ಬಿಡುತ್ತಿರಲಿಲ್ಲ.

ಹರಾಜಿನಲ್ಲಿ ಹಿಡಿದು ತಂದು ಇವನಿಗೆ ಮಾರಿದ ಮಾಜಿ ಸಿಪಾಯಿ ಮರಿಯಪ್ಪ ಮೊದಲೇ ಹೇಳಿದ್ದ: "ಅಲ್ಲಿ ದಾರಿ ಇಷ್ಟೇ ಅಗಲ ಕಣಯ್ಯ. ಬೆಟ್ಟಕ್ಕೆ ಒತ್ತಿ ನಡೆದ್ರೆ ಮೂಟೆ ಬಂಡೆಗೆ ತಾಗಿ ಕುದುರೇನೇ ಪ್ರಪಾತಕ್ಕೆ ಹೋಗುತ್ತೆ. ಅದಕ್ಕೇ ಹೊರಗಿನ ಅಂಚಲ್ಲೇ ನಡೆಯುತ್ತೆ. ಜೀವ ಉಳಿಸಿರೋ ಬುದ್ಧಿ ಅದು, ಹೊಡೀಬೇಡ."

ಕೆಂಗೇರಿಯಲ್ಲಿ ಪ್ರಪಾತವಿಲ್ಲ, ಮೋರಿ ಇದೆ. ಒಂದು ಬೆಳಿಗ್ಗೆ ಜಟಕಾದ ಚಕ್ರ ಮೋರಿಗಿಳಿದು ಯಶೋದಮ್ಮ ಟೀಚರು ಇಸ್ತ್ರಿ ಸೀರೆ ಸಮೇತ ಕೆಸರಿಗೆ ಬಿದ್ದರು. ಅದೂ ಸ್ಟ್ಯಾಂಡಿನ ಮುಂದೆಯೇ. ಮಾನ ಹೋಯಿತು. ಅಂದಿನಿಂದ ಗೌರಿ ಎಡದ ಅಂಚಿಗೆ ಸರಿದಾಗಲೆಲ್ಲ ಚಿಕ್ಕಹನುಮಯ್ಯ ಅವಳ ಎಡಪಕ್ಕೆಗೆ ಚಾವಟಿ ಬೀಸಿದ.

"ಬಾಯಿಲ್ಲದ ಜೀವ ಅದು, ಶಾಪ ತಟ್ಟುತ್ತೆ," ಎನ್ನುತ್ತಾ ಪಟಾಲಮ್ಮ ಬಾಸುಂಡೆಗೆ ಅರಿಸಿನ ಹಚ್ಚಿದಳು.

"ಕಲೀಬೇಕು ಕಣೇ," ಎಂದ ಅವನು.

ದಸರಾ ಹೊತ್ತಿಗೆ ಗೌರಿ ನಡುರಸ್ತೆಯಲ್ಲೇ ನಡೆಯಲು ಕಲಿತಳು. "ತಿದ್ದಿಬಿಟ್ಟೆಯಲ್ಲೋ!" ಎಂದು ಸ್ಟ್ಯಾಂಡಿನವರು ಹೊಗಳಿದಾಗ ಚಿಕ್ಕಹನುಮಯ್ಯ ಮೀಸೆ ತಿರುವಿದ.

ದೀಪಾವಳಿಗೆ ಮುಂಚೆ, ಮೈಸೂರು ರಸ್ತೆಯಲ್ಲಿ, ಹಿಂದಿನಿಂದ ಮರಳಿನ ಲಾರಿ ಹಾರನ್ ಬಜಾಯಿಸುತ್ತಾ ಬಂತು. ಅವನು ಜೀವ ಹೋಗುವಂತೆ ಎಡಕ್ಕೆ ಲಗಾಮು ಎಳೆದ. ಗೌರಿ ಜಗ್ಗಲಿಲ್ಲ. ಎಡಗಡೆ ಎಂದರೆ ಏಟು ಎಂದು ಕಲಿಸಿದವನು ಅವನೇ ತಾನೆ! ಲಾರಿ ಗುದ್ದಿ ಜಟಕಾ ಪುಡಿಯಾಯಿತು. ಅವನು ಮೊಣಕೈ ತರಚಿಕೊಂಡು ಎದ್ದ. ಗೌರಿಯ ಸೊಂಟಕ್ಕೆ ಪೆಟ್ಟು ಬಿದ್ದು ಅವಳು ಹಿಂಗಾಲು ಎಳೆಯತೊಡಗಿದಳು.

ಊರವರೆಲ್ಲ ಲಾರಿಯವನನ್ನು ಬೈದರು. ಚಿಕ್ಕಹನುಮಯ್ಯ ಬೈಯಲಿಲ್ಲ. ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು.

ಗಾಯ ಮಾಗಿದ ಮೇಲೆ ಅವಳನ್ನು ಕೆರೆಯ ಕಡೆ ನಡೆಸಿಕೊಂಡು ಹೊರಟ. ಗಾಡಿಯಿಲ್ಲ, ಚಾವಟಿಯಿಲ್ಲ. ರಸ್ತೆಯಂಚಿನಲ್ಲಿ ಹಸಿ ಹುಲ್ಲಿತ್ತು.

"ಅಂಚಲ್ಲೇ ನಡಿ ತಾಯಿ. ಇನ್ನೆಂದೂ ಹೊಡೆಯಲ್ಲ," ಎಂದು ಎಡಪಕ್ಕೆ ನೇವರಿಸಲು ಕೈ ಎತ್ತಿದ.

ಗೌರಿಯ ಮೈ ನಡುಗಿತು. ಕುಂಟುತ್ತಾ ನಡುರಸ್ತೆಗೆ ಹೋಗಿ, ಹೇಳಿದಂತೆ ಕೇಳಿದೆನಲ್ಲ ಎಂಬ ಹಾಗೆ ಅವನತ್ತ ತಿರುಗಿ ನಿಂತಳು.