ಮೂವತ್ತೆಂಟು ಚಿತ್ರಗಳ ಅತ್ತೆ

ಎಡಗಿವಿಯ ಪಕ್ಕ ಇಕ್ಕಳದ ಬಿಸಿ, ಕೂದಲು ಸೀದ ಸಣ್ಣ ವಾಸನೆ, ಸುಡಬೇಡ ಕಣೇ, ಇರೋದೇ ನಾಲ್ಕು ಕೂದಲು — ಎಂದು ನಝ್ಲಿ ಬಾಯಿಬಿಟ್ಟು ಹೇಳಿದಳೋ ಮನಸ್ಸಿನಲ್ಲೇ ಅಂದುಕೊಂಡಳೋ, ಇನ್ಶಿರಾಹ್ ಮಾತ್ರ ಕೇಳಿಸಿಕೊಂಡ ಹಾಗಿಲ್ಲ, ನಾಲ್ಕು ವರ್ಷದಿಂದ ಪ್ರತಿ ಮಂಗಳವಾರ ಈ ಕೈ ಈ ತಲೆಗೆ ಹೀಗೇ ಸಿಂಗಾರ ಮಾಡುತ್ತ ಬಂದಿದೆ, ಕೈರೋ ಟೆಲಿವಿಷನ್ ಕಟ್ಟಡದ ಇದೇ ಕೋಣೆಯಲ್ಲಿ, ಕಿಟಕಿಯಾಚೆ ನೈಲ್, ಈರುಳ್ಳಿ ಹೇರಿಕೊಂಡ ದೋಣಿಯೊಂದು ಯಾವ ಅವಸರವೂ ಇಲ್ಲದೆ ಸಾಗುತ್ತಿದೆ, ಐದು ಗಂಟೆಯ ಕಾರ್ಯಕ್ರಮಕ್ಕೆ ಇನ್ನೂ ಐವತ್ತು ನಿಮಿಷ, ಹಿತವಾಗಿದೆ, ಐವತ್ತಾರರ ವಯಸ್ಸಿನಲ್ಲಿ ಇಂಥ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವುದು ಹಿತವೇ — ಅಷ್ಟರಲ್ಲಿ ಇನ್ಶಿರಾಹ್, ಅಮ್ಮಾ, ಕೆಳಗೆ ಗೇಟಲ್ಲಿ ಒಂದು ಮುದುಕಿ ಬೆಳಗ್ಗೆಯಿಂದ ಕೂತ್ಬಿಟ್ಟಿದೆ, ನಿಮ್ಮನ್ನ ನೋಡ್ದೆ ಏಳಲ್ವಂತೆ. ಎಲ್ಲಿಂದ ಬಂದಿದಾಳಂತೆ? ಝಗಾಝೀಗಿಂದ. ನಝ್ಲಿಯ ಕಣ್ಣು ತೆರೆಯಿತು, ಝಗಾಝೀಗ್, ಆ ಕಾಗದ ಬಂದದ್ದೂ ಅಲ್ಲಿಂದಲೇ, ಮೇಲೆ ಕಳ್ಸೋಕೆ ಹೇಳು, ಇಲ್ಲ, ಇರು, ಮೊದಲು ತಲೆ ಮುಗಿಸು.

ಬೈಯಲು ಬಂದಿರುತ್ತಾಳೆ, ಬೈದರೆ ಬೈಯಲಿ, ಬೈಗುಳ ಅವಳಿಗೇನು ಹೊಸದೇ, ಇಪ್ಪತ್ತು ವರ್ಷ ಇಡೀ ಈಜಿಪ್ಟಿನ ಬೈಗುಳ ತಿಂದೇ ಅವಳು ಮನೆ ಕಟ್ಟಿದ್ದು, ಪಿರಮಿಡ್ ರಸ್ತೆಯ ಸ್ಟುಡಿಯೋಕ್ಕೆ ಮೊದಲ ದಿನ ಬಸ್ಸಿನಲ್ಲಿ ಹೋದಾಗ ಮೂವತ್ತೊಂದು ವಯಸ್ಸು, ನಾಯಕಿಯ ಅಕ್ಕನ ಪಾತ್ರವಾದರೂ ಸಿಕ್ಕೀತು ಅಂದುಕೊಂಡಿದ್ದಳು, ನಿರ್ದೇಶಕ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಹುಬ್ಬು ಎತ್ತು ಅಂದ, ಒಂದೇ ಒಂದು, ಎಡಗಡೇದು — ಎತ್ತಿದಳು, ಹಿಂದೆ ನಿಂತಿದ್ದ ಬಡಗಿ ಕೂಡ ಒಂದು ಹೆಜ್ಜೆ ಸರಿದ, ಸಾಕು, ಇವಳೇ ಅತ್ತೆ, ಮಗನಾಗಿ ನಟಿಸಿದವನು ಅವಳಿಗಿಂತ ಮೂರು ವರ್ಷ ದೊಡ್ಡವನು, ಆದರೂ ತಲೆಗೆ ಬಿಳಿ ಬಳಿದು ನಿಲ್ಲಿಸಿದರು, ಅಲ್ಲಿಂದ ಮೂವತ್ತೆಂಟು ಚಿತ್ರ, ಮೂವತ್ತೆಂಟರಲ್ಲೂ ಅತ್ತೆಯೇ, ಹಾಲಿಗೆ ವಿಷ ಹಾಕುವುದು, ಸೊಸೆಯ ಬಳೆ ಕದ್ದು ಸೊಸೆಯ ಮೇಲೇ ಹೊರಿಸುವುದು, ಮಗನ ಕಾಗದ ಬಚ್ಚಿಡುವುದು, ಮೆಟ್ಟಿಲ ಮೇಲಿಂದ ತಳ್ಳುವುದು, ಮಾಂಸದಂಗಡಿಯವನು ಮೂಳೆಯನ್ನಷ್ಟೇ ಕಟ್ಟಿ ಕೊಟ್ಟು, ಪಾಪ ಆ ಹುಡುಗೀನ ಕೊಂದ್ಯಲ್ಲ, ತಿನ್ನು, ಅಂದಿದ್ದ, ಟ್ರಾಮಿನಲ್ಲಿ ಒಬ್ಬ ಹೆಂಗಸು ನಿನ್ನ ಮನೆ ಹಾಳಾಗ ಎಂದು ಉಗಿದಳು, ಅವತ್ತು ಮನೆಗೆ ಬಂದು ಅತ್ತದ್ದು ನಿಜ, ಆದರೆ ಫಿಕ್ರಿ, ಸ್ಟುಡಿಯೋದಲ್ಲಿ ಧ್ವನಿ ಹಿಡಿಯುತ್ತಿದ್ದ ಫಿಕ್ರಿ, ಅವಳ ಗಂಡ, ಅಳುವವಳ ಪಕ್ಕ ಕೂತು ಕಲ್ಲಂಗಡಿ ಬೀಜ ಬಿಡಿಸುತ್ತ, ಉಗಿದ್ಲು ಅಂದ್ರೆ ಟಿಕೆಟ್ ತಗೊಂಡು ನೋಡಿದಾಳೆ ಬಿಡು ಅಂದ, ಅಳುತ್ತಿದ್ದವಳಿಗೆ ನಗು ಬಂದು ಬಿಕ್ಕಳಿಕೆ ಹತ್ತಿತು, ಇವತ್ತಿಗೂ ಅವನು ಹಾಗೇ, ಈಗ ಮನೆಯಲ್ಲಿ ಟಿವಿ ಮುಂದೆ ಕೂತಿರುತ್ತಾನೆ, ಕಿವಿ ಅವಳ ಮೇಲೆ, ಕಾರ್ಯಕ್ರಮ ಮುಗಿಸಿ ಹೋದರೆ ಮೊದಲ ಮಾತೇ, ದನೀಲಿ ಎರಡು ಚಮಚ ಸಕ್ಕರೆ ಜಾಸ್ತಿ ಆಯ್ತು ನಝ್ಲಿ.

ಸಕ್ಕರೆ ಹಾಕು ಅಂದವರು ಈ ಟೆಲಿವಿಷನ್ನಿನವರೇ ತಾನೇ, ಸ್ಟುಡಿಯೋ ಸರ್ಕಾರದ್ದಾಯಿತು, ಅತ್ತೆಯರ ಕಾಲ ಮುಗಿಯಿತು ಅಂದರು, ಒಂದು ವರ್ಷ ಅವಳು ಬಾಲ್ಕನಿಯಲ್ಲಿ ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತ ಕೂತಿದ್ದಳು, ಆಗ ಬಂದವನು ಮಮ್ದೂಹ್, ಅವಳ ಮಗನಾಗುವ ವಯಸ್ಸಿನವನು, ಟೆಲಿವಿಷನ್ನಿನ ಅಧಿಕಾರಿ, ಬಹಳ ಮರ್ಯಾದೆಯಿಂದ, ನಝ್ಲಿ ಹಾನಿಮ್, ಮನೆ ಜಗಳದ ಕಾಗದ ಓದಿ ಬುದ್ಧಿ ಹೇಳೋ ಕಾರ್ಯಕ್ರಮ, ನೀವೇ ಬೇಕು, ಆದ್ರೆ ಹುಬ್ಬು ಮಾತ್ರ ಎತ್ತಬಾರದು — ಎತ್ತಲಿಲ್ಲ, ನಾಲ್ಕು ವರ್ಷ ಎತ್ತಲಿಲ್ಲ, ಇನ್ಶಿರಾಹ್ ಪೆನ್ಸಿಲಿನಲ್ಲಿ ಎರಡನ್ನೂ ಒಂದೇ ಸಮ ಬರೆಯುತ್ತಾಳೆ, ಅದೇ ಮಾಂಸದಂಗಡಿಯವನು ಈಗ ಎಳೆಯ ಕುರಿಯ ತೊಡೆ ಎತ್ತಿಟ್ಟು ಕಾಯುತ್ತಾನೆ, ಬೀದಿಯ ಹುಡುಗಿಯರು ಅತ್ತೆಮ್ಮಾ ಎಂದು ಕೆನ್ನೆಗೆ ಮುತ್ತು ಕೊಡುತ್ತಾರೆ, ಎಷ್ಟು ಸುಖ, ಇಷ್ಟು ತಡವಾಗಿಯಾದರೂ — ಒಂದೇ ಒಂದು ಮುಳ್ಳು, ಹೋದ ವರ್ಷ ಯಾವಳೋ ತನ್ನ ಮನೆಯ ಕಷ್ಟ ಬರೆದಿದ್ದಳು, ನಝ್ಲಿ ಸಕ್ಕರೆ ದನಿಯಲ್ಲಿ ಸಹಿಸ್ಕೋ ಮಗಳೇ ಎಲ್ಲಾ ಸರಿಹೋಗುತ್ತೆ ಅಂದಳು, ಎರಡು ತಿಂಗಳಿಗೆ ಅದೇ ಕೈಬರಹ, ಒಂದೇ ಸಾಲು, ಸಹಿಸಿಕೊಂಡೆ ಅಮ್ಮಾ, ಸರಿಹೋಗಲಿಲ್ಲ, ಹೆಸರಿಲ್ಲ, ಊರಿಲ್ಲ, ಉತ್ತರ ಬರೆಯಲು ಎಲ್ಲಿಗೆ ಬರೆಯಲಿ.

ಅದಕ್ಕೇ ಝಗಾಝೀಗಿನ ಕಾಗದ ಕೈಗೆ ಬಂದಾಗ ಕೆಳಗಿಡಲಾಗಲಿಲ್ಲ, ರೌಹಿಯ್ಯಾ ಅಂತ, ಟೀಚರ್ ಓದು ಮುಗಿಸಿದವಳು, ನಮ್ಮತ್ತೆ ನಿಮ್ಮ ಕಾರ್ಯಕ್ರಮ ಬಿಡಲ್ಲ, ಅಕ್ಕಪಕ್ಕದವರನ್ನೆಲ್ಲ ಕೂರಿಸ್ಕೊಂಡು ನೋಡ್ತಾರೆ, ನಾನು ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀನಿ, ಸರ್ಕಾರದಿಂದ ನನ್ನ ನೇಮಕದ ಕಾಗದ ಬಂದಿದೆ ಅಂತ ಅಂಚೆಯವನು ಹೇಳಿದ, ಅತ್ತೆ ಬಂದೇ ಇಲ್ಲ ಅಂತಾರೆ, ಹದಿನೈದನೇ ತಾರೀಖಿನೊಳಗೆ ಹೋಗ್ದಿದ್ರೆ ಬೇರೆಯವರಿಗೆ ಕೊಡ್ತಾರೆ, ನನ್ನ ಹೆಸರು ಹೇಳ್ಬೇಡಿ, ಹೇಳಿದ್ರೆ ತೌರಿಗೆ ಕಳಿಸ್ತಾರೆ — ಮಮ್ದೂಹ್ ಓದಿ, ಇದು ಬೇಡ, ಹೆಸರು ಹೇಳದಿದ್ರೂ ಗೊತ್ತಾಗಿಬಿಡುತ್ತೆ, ಆ ಹುಡುಗಿ ಮನೇನೇ ಮುರಿಯುತ್ತೆ ಅಂದ, ಅವನು ಹೇಳಿದ್ದೂ ಸುಳ್ಳಲ್ಲ, ಹೋದ ಮಂಗಳವಾರ ಕ್ಯಾಮೆರಾದ ಮುಂದೆ ಕೂತಾಗಲೂ ಅವಳು ಯಾರದೋ ಅಡುಗೆ ಜಗಳದ ಕಾಗದವನ್ನೇ ಓದುತ್ತಿದ್ದಳು, ತಾರೀಖು ಒಂಬತ್ತು, ನಡುವೆ ನಿಲ್ಲಿಸಿದಳು, ತಾನಾಗಿಯೇ ನಿಂತುಹೋಯಿತು, ಕನ್ನಡಕ ತೆಗೆದಳು, ಹುಬ್ಬು ಎದ್ದಿತು — ಏನಮ್ಮಾ, ಸೋಫಾ ಮೇಲೆ ಕಾಲು ಮಡಚಿ ಕೂತ್ಕೊಂಡು ನನ್ನ ನೋಡ್ತಿದೀಯಲ್ಲ, ನೀನೇ, ಅತ್ತೆ, ಸೊಸೆಗೆ ಬಂದ ಕಾಗದ ಎಲ್ಲಿಟ್ಟಿದೀಯ? ಹಾಸಿಗೆ ಕೆಳಗಾ, ಕನ್ನಡಿ ಹಿಂದೆಯಾ, ಅಕ್ಕಿ ಡಬ್ಬದಲ್ಲಾ? ನನಗೆ ಯಾರೂ ಹೇಳ್ಬೇಕಾಗಿಲ್ಲ, ಮೂವತ್ತೆಂಟು ಸಿನಿಮಾದಲ್ಲಿ ನಾನೂ ಬಚ್ಚಿಟ್ಟವಳೇ, ಕೊನೇ ರೀಲಲ್ಲಿ ನನಗೇನಾಯ್ತು ಅಂತ ನೆನಪಿದೆ ತಾನೇ? ಎದ್ದು ಹೋಗಿ ತೆಗ್ದುಕೊಡು — ಗಾಜಿನಾಚೆ ಮಮ್ದೂಹ್ ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತಿದ್ದ, ಮುಗಿಯುವಷ್ಟರಲ್ಲಿ ಫೋನು, ಆಮೇಲೆ ಇನ್ನೊಂದು, ಅಲೆಕ್ಸಾಂಡ್ರಿಯಾದಿಂದ, ತಂತಾದಿಂದ, ಎಲ್ಲಾ ಅತ್ತೆಯರೇ, ಎಲ್ಲರದೂ ಒಂದೇ ಪ್ರಶ್ನೆ, ನನ್ನ ವಿಷಯ ನಿಮಗೆ ಹೇಳಿದ್ಯಾರು, ಮಮ್ದೂಹ್ ನಗಬೇಕೋ ರಾಜೀನಾಮೆ ಕೊಡಬೇಕೋ ತಿಳಿಯದೆ ಟೀ ತರಿಸಿದ, ಫಿಕ್ರಿ ಮಾತ್ರ, ಇವತ್ತು ಸಕ್ಕರೆ ಸರಿಯಾಗಿತ್ತು ಅಂದ.

ಆದರೆ ಝಗಾಝೀಗ್ ಫೋನು ಮಾಡಲಿಲ್ಲ, ವಾರವಿಡೀ ಸುದ್ದಿಯಿಲ್ಲ, ಈಗ ಈ ಮುದುಕಿ, ಬಾಗಿಲಲ್ಲಿ ಕರೀ ಬಟ್ಟೆ, ಕೈಯಲ್ಲಿ ಬುಟ್ಟಿ, ಕೂರು ಅನ್ನುವ ಮೊದಲೇ ಕೂತಳು, ನಝ್ಲಿಯ ಮುಖವನ್ನು ಹತ್ತಿರದಿಂದ ನೋಡಿ, ಟಿವೀಲಿ ದಪ್ಪ ಕಾಣ್ತೀಯ ಅಂದಳು, ಆಮೇಲೆ, ಅಕ್ಕಿ ಡಬ್ಬದಲ್ಲಿ. ಏನಮ್ಮಾ ಅದು? ಅಕ್ಕಿ ಡಬ್ಬದಲ್ಲಿತ್ತು ಕಾಗದ, ನೀನಂದ ಕೂಡ್ಲೇ ಅಕ್ಕಪಕ್ಕದೋರೆಲ್ಲ ನನ್ನ ಕಡೆ ತಿರುಗಿದ್ರು, ನಿಜ ಹೇಳು, ಬರ್ದಿದ್ದು ನನ್ನ ಸೊಸೆ ತಾನೇ? ಇನ್ಶಿರಾಹಳ ಇಕ್ಕಳ ಗಾಳಿಯಲ್ಲೇ ನಿಂತಿತು, ಸುಳ್ಳು ಹೇಳಬೇಕು, ನಝ್ಲಿ ಜೀವಮಾನವೆಲ್ಲ ಹೇಳಿದ ಸುಳ್ಳುಗಳಲ್ಲಿ ಇದೊಂದು ಚೆನ್ನಾಗಿ ಬರಬೇಕು, ನಿನ್ನ ಸೊಸೆ ಹೆಸರೇನಮ್ಮ, ನನಗೆ ಗೊತ್ತೇ ಇಲ್ಲ ಅಂದಳು, ಮುದುಕಿ ನಕ್ಕಳು, ಹಲ್ಲಿಲ್ಲದ ಒಳ್ಳೆಯ ನಗು, ಇರ್ಲಿ ಬಿಡು, ನೀನು ಹೇಳಲ್ಲ, ಆದ್ರೆ ಆ ಡಬ್ಬ ನಿಂದೇ ಉಪಾಯ, ನಿನ್ನ ಸಿನಿಮಾ ನೋಡೇ ಕಲ್ತಿದ್ದು ನಾನು — ಹೌದು, ಅದು ತನ್ನದೇ, ಸಿನಿಮಾದ ಕಥೆಗಾರ ದಿಂಬಿನ ಕೆಳಗೆ ಅಂತ ಬರೆದಿದ್ದ, ಅಕ್ಕಿ ಡಬ್ಬ ಇರಲಿ ಅಂದವಳು ತಾನು, ಅಕ್ಕಿಯೊಳಗೆ ಮೊಣಕೈವರೆಗೆ ತೂರಿಸಿದಾಗ ನಿರ್ದೇಶಕ ಚಪ್ಪಾಳೆ ತಟ್ಟಿದ್ದ, ಎಷ್ಟು ವರ್ಷ ಅದನ್ನು ಹೇಳಿಕೊಂಡು ಹೆಮ್ಮೆಪಟ್ಟಳು, ಹುಡುಗಿ ಈಗೆಲ್ಲಿ, ಎಂದಳು ಮೆಲ್ಲಗೆ.

ಸ್ಕೂಲಲ್ಲಿ, ಅಂದಳು ಮುದುಕಿ, ಬುಟ್ಟಿಯಿಂದ ಪದರು ಪದರಾದ ಫತೀರ್ ರೊಟ್ಟಿ ತೆಗೆಯುತ್ತ, ಇದು ಅವಳೇ ಮಾಡಿದ್ದು, ಶನಿವಾರ ನಾನೇ ಕರ್ಕೊಂಡ್ಹೋದೆ, ಒಬ್ಳೇ ಹೋದ್ರೆ ಜನ ಏನಂತಾರೆ, ಬಿಟ್ಟು ಬರೋಣ ಅಂದ್ಕೊಂಡೆ, ಕಾಲೇ ಬರ್ಲಿಲ್ಲ, ಕಿಟಕೀಲಿ ನಿಂತು ನೋಡ್ದೆ, ನಲವತ್ತು ಮಕ್ಕಳಮ್ಮಾ, ಇವಳು ಬೋರ್ಡ್ ಮೇಲೆ ಎತ್ತರದಲ್ಲಿ ಏನೋ ಬರೀತಾಳೆ, ಅಂಗಿ ತೋಳು ಜಾರಿ ಕೈಯೆಲ್ಲ ಸೀಮೆಸುಣ್ಣ, ನಾನು ಓದಿಲ್ಲ, ಏನು ಬರೆದ್ಲೋ ಗೊತ್ತಿಲ್ಲ, ನಲವತ್ತು ತಲೇನೂ ಆ ಕೈ ಜೊತೇಲೇ ಮೇಲೆದ್ವು — ಐದು ನಿಮಿಷ, ಎಂದ ಯಾರೋ ಹೊರಗಿಂದ, ಇನ್ಶಿರಾಹ್ ಪೆನ್ಸಿಲ್ ಎತ್ತಿದಳು, ಮುದುಕಿ ಮೂಲೆಯಲ್ಲಿ ಕೂತು ನೋಡ್ತೀನಿ ಅಂದಳು, ಮಮ್ದೂಹ್ ಬಂದ, ಹೋದ, ದೀಪಗಳ ಬಿಸಿ, ಮೇಜು, ಕಾಗದಗಳ ಕಟ್ಟು, ಮೇಲಿನದು ಮನ್ಸೂರಾದಿಂದ, ಅತ್ತೆಯೇ ಬರೆದದ್ದು, ಓದಬೇಕು, ಸುಣ್ಣ ಮೆತ್ತಿದ ಕೈ, ಪ್ರಿಯ ವೀಕ್ಷಕರೇ ಎನ್ನಬೇಕು, ಮೊಣಕೈವರೆಗೂ ಬಿಳಿ, ಗಾಜಿನಾಚೆ ಮಮ್ದೂಹ್ ಕೈ ಬೀಸುತ್ತಿದ್ದಾನೆ, ಶುರುಮಾಡಿ ನಝ್ಲಿ ಹಾನಿಮ್, ಮಾಡುತ್ತಾಳೆ, ಈಗ, ಇನ್ನೊಂದು ಉಸಿರು, ಎಲ್ಲಿ ಹೋಯಿತು ಮಾತು, ಕಣ್ಣ ಮುಂದೆ ಆ ಹುಡುಗಿಯ ಕೈ ಮೇಲೇಳುತ್ತಿದೆ, ಬೋರ್ಡಿನ ತುದಿಗೆ, ತೋಳು ಜಾರುತ್ತಿದೆ, ನಲವತ್ತು ತಲೆ, ಆ ಬಿಳಿ ಕೈ —